ಪಿಯುಸಿಯಲ್ಲಿ ಸೈನ್ಸ್ ಓದಿಲ್ಲ, ನ್ಯೂರೋಸೈಕಾಲಜಿಸ್ಟ್ ಆಗಬಹುದಾ? ಎರಡು ಫಾರ್ವರ್ಡ್‌ಗಳ ನಡುವೆ ಇರುವ ನಿಜ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಹೊತ್ತಿಗೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಬಗೆಯ ಮೆಸೇಜ್‌ಗಳು ಓಡಾಡುತ್ತವೆ. ಮೊದಲನೆಯದು ಹೆದರಿಸುವ ಮೆಸೇಜ್: ಮೆದುಳು, ನರ, ನ್ಯೂರೋ ಎಂಬ ಹೆಸರಿರುವ ಯಾವ ಕೆಲಸಕ್ಕೂ ಪಿಸಿಎಂಬಿ ಬೇಕೇ ಬೇಕು, ಆರ್ಟ್ಸ್ ಅಥವಾ ಕಾಮರ್ಸ್ ತೆಗೆದುಕೊಂಡರೆ ಆ ಬಾಗಿಲು ಮುಚ್ಚಿದಂತೆ. ಎರಡನೆಯದು ಆಸೆ ತೋರಿಸುವ ಮೆಸೇಜ್: ನೀಟ್ ಬೇಡ, ಸೈನ್ಸ್ ಬೇಡ, ಆರು ತಿಂಗಳ ಆನ್‌ಲೈನ್ ಕೋರ್ಸ್ ಮುಗಿಸಿ, ಮೆದುಳಿನ ತಜ್ಞರಾಗಿ.

ಎರಡೂ ತಪ್ಪು. ಮೊದಲನೆಯದನ್ನು ನಂಬಿ ಎಷ್ಟೋ ಮಕ್ಕಳು ತಮಗೆ ಇಷ್ಟವಾದ ದಾರಿಯನ್ನು ಶುರು ಮಾಡುವ ಮೊದಲೇ ಕೈಬಿಡುತ್ತಾರೆ. ಎರಡನೆಯದನ್ನು ನಂಬಿದವರು ದುಡ್ಡು ಕಳೆದುಕೊಳ್ಳುತ್ತಾರೆ. ಅಂಥ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿಕೊಂಡವರ ಬಳಿ ಹೋದ ರೋಗಿ ಅದಕ್ಕಿಂತ ದೊಡ್ಡದನ್ನು ಕಳೆದುಕೊಳ್ಳಬಹುದು.

ಹಾಗಾದರೆ ನಿಜ ಏನು? ಚಿಕ್ಕ ಉತ್ತರ ಇಷ್ಟು: ಪಿಯುಸಿಯಲ್ಲಿ ಸೈನ್ಸ್ ಓದದೆಯೂ ನ್ಯೂರೋಸೈಕಾಲಜಿಸ್ಟ್ ಆಗಬಹುದು. ಆದರೆ ವಿಜ್ಞಾನವನ್ನು ಓದದೆ ಆಗಲು ಸಾಧ್ಯವಿಲ್ಲ. ಪಿಯುಸಿಯಲ್ಲಿ ಬಿಟ್ಟದ್ದನ್ನು ಮುಂದೆ ಕಲಿಯಲೇಬೇಕು. ಉದ್ದದ ಉತ್ತರ ಕೆಳಗಿದೆ.

ಮೊದಲು ಗೊಂದಲ ಬಿಡಿಸೋಣ: ಯಾರು ಯಾರು?

ಹೆಸರಿನಲ್ಲಿ ನ್ಯೂರೋ ಎಂದಿದ್ದರೆ ಎಲ್ಲರೂ ಡಾಕ್ಟರ್ ಎಂದುಕೊಳ್ಳುತ್ತೇವೆ. ಗೊಂದಲದ ಮೂಲ ಇದೇ.

ನ್ಯೂರಾಲಜಿಸ್ಟ್ ಎಂದರೆ ನರರೋಗ ವೈದ್ಯರು. ಪಾರ್ಶ್ವವಾಯು, ಮೂರ್ಛೆರೋಗ, ಪಾರ್ಕಿನ್ಸನ್ ಮುಂತಾದವಕ್ಕೆ ಔಷಧಿ ಕೊಡುವವರು. ನ್ಯೂರೋಸರ್ಜನ್ ಎಂದರೆ ಮೆದುಳು, ಬೆನ್ನುಹುರಿಗಳ ಶಸ್ತ್ರಚಿಕಿತ್ಸೆ ಮಾಡುವವರು. ಸೈಕಿಯಾಟ್ರಿಸ್ಟ್ ಎಂದರೆ ಮನೋವೈದ್ಯರು. ಈ ಮೂವರೂ ಎಂಬಿಬಿಎಸ್ ಮುಗಿಸಿ ಬಂದವರು. ಎಂಬಿಬಿಎಸ್‌ಗೆ ನೀಟ್ ಬೇಕು, ನೀಟ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಇಲ್ಲಿ ಮೊದಲ ಮೆಸೇಜ್ ಹೇಳುವುದು ಸರಿಯೇ.

ನ್ಯೂರೋಸೈಕಾಲಜಿಸ್ಟ್ ಬೇರೆ. ಇವರು ಬರುವುದು ಮನಃಶಾಸ್ತ್ರದ ದಾರಿಯಿಂದ. ಔಷಧಿ ಬರೆಯುವುದಿಲ್ಲ, ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಮೆದುಳಿಗೆ ಪೆಟ್ಟು ಬಿದ್ದಾಗ ಅಥವಾ ಕಾಯಿಲೆ ಬಂದಾಗ ನೆನಪು, ಗಮನ, ಮಾತು, ಲೆಕ್ಕಾಚಾರ, ನಿರ್ಧಾರ ತೆಗೆದುಕೊಳ್ಳುವ ಶಕ್ತಿ, ಸಿಟ್ಟನ್ನು ತಡೆದುಕೊಳ್ಳುವ ಶಕ್ತಿ ಇವುಗಳಲ್ಲಿ ಯಾವುದು ಎಷ್ಟು ಕೆಟ್ಟಿದೆ, ಯಾವುದು ಉಳಿದಿದೆ ಎಂದು ಪರೀಕ್ಷೆ ಮಾಡಿ ಹೇಳುತ್ತಾರೆ. ಕಳೆದುಹೋದದ್ದನ್ನು ಅಭ್ಯಾಸದ ಮೂಲಕ ಆದಷ್ಟು ಮರಳಿ ಪಡೆಯಲು ನೆರವಾಗುತ್ತಾರೆ.

ಸ್ಕ್ಯಾನ್ ಇರುವಾಗ ಇವರೇಕೆ ಬೇಕು?

ಒಂದು ಉದಾಹರಣೆ ನೋಡಿ. ಬೈಕ್‌ನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಯುವಕ ಇದ್ದಾನೆ ಎಂದುಕೊಳ್ಳಿ. ಗಾಯ ಮಾಸಿದೆ, ಸ್ಕ್ಯಾನ್‌ನಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ನಡೆಯುತ್ತಾನೆ, ಮಾತಾಡುತ್ತಾನೆ. ಆದರೆ ಅಂಗಡಿಯಲ್ಲಿ ಕೂತರೆ ಲೆಕ್ಕ ತಪ್ಪುತ್ತಾನೆ, ಒಂದು ಕೆಲಸದ ನಡುವೆ ಇನ್ನೊಂದಕ್ಕೆ ಹೋದರೆ ಮೊದಲನೆಯದು ಮರೆತೇ ಹೋಗುತ್ತದೆ, ಸಣ್ಣ ಮಾತಿಗೂ ರೇಗುತ್ತಾನೆ. ಮನೆಯವರಿಗೆ ಅವನು ಸೋಮಾರಿಯಾಗಿದ್ದಾನೆ, ನಾಟಕ ಮಾಡುತ್ತಿದ್ದಾನೆ ಅನ್ನಿಸುತ್ತದೆ.

ಸ್ಕ್ಯಾನ್ ತೋರಿಸುವುದು ಮೆದುಳಿನ ರಚನೆಯನ್ನು. ಆ ಮೆದುಳು ದಿನದ ಬದುಕಿನಲ್ಲಿ ಹೇಗೆ ಕೆಲಸ ಮಾಡುತ್ತಿದೆ ಎಂಬುದು ಕೂತು ಪರೀಕ್ಷಿಸಿದರೆ ಮಾತ್ರ ಗೊತ್ತಾಗುತ್ತದೆ. ನ್ಯೂರೋಸೈಕಾಲಜಿಸ್ಟ್ ಅವನೆದುರು ಗಂಟೆಗಟ್ಟಲೆ ಕೂರುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾನೆ ಎಂದು ಎಣಿಸುತ್ತಾರೆ. ಪದಗಳ ಪಟ್ಟಿಯೊಂದನ್ನು ಓದಿ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ನೆನಪಿದೆ ಎಂದು ಕೇಳುತ್ತಾರೆ. ನೀಲಿ ಶಾಯಿಯಲ್ಲಿ ‘ಕೆಂಪು’ ಎಂದು ಬರೆದು, ಪದವನ್ನು ಓದದೆ ಶಾಯಿಯ ಬಣ್ಣ ಮಾತ್ರ ಹೇಳಲು ಕೇಳುತ್ತಾರೆ. ಈಗಲೇ ನೀವೂ ಮಾಡಿ ನೋಡಿ, ನಾಲಿಗೆ ತಡವರಿಸುತ್ತದೆ. ಅಭ್ಯಾಸಬಲದಿಂದ ನುಗ್ಗಿ ಬರುವ ಉತ್ತರವನ್ನು ತಡೆಹಿಡಿದು ಸರಿಯಾದ ಉತ್ತರ ಹೇಳುವ ಆ ಕೆಲಸದಲ್ಲಿ ಹಣೆಯ ಹಿಂದಿರುವ ಮೆದುಳಿನ ಮುಂಭಾಗಕ್ಕೆ ದೊಡ್ಡ ಪಾತ್ರವಿದೆ.

ಇಂಥ ಹತ್ತಾರು ಪರೀಕ್ಷೆಗಳ ಫಲಿತಾಂಶವನ್ನು ಜೋಡಿಸಿದಾಗ ಒಂದು ಚಿತ್ರ ಸಿಗುತ್ತದೆ. ಅವನು ಸೋಮಾರಿಯಲ್ಲ, ಅವನ ಗಮನಶಕ್ತಿಗೆ ಪೆಟ್ಟು ಬಿದ್ದಿದೆ ಎಂದು ಮನೆಯವರಿಗೆ ಆಧಾರಸಹಿತ ಹೇಳುವುದೂ ಈ ಕೆಲಸದ ಭಾಗ. ಎಷ್ಟೋ ಮನೆಗಳಲ್ಲಿ ಆ ಒಂದು ಮಾತಿನಿಂದ ಜಗಳ ನಿಂತು ಆರೈಕೆ ಶುರುವಾಗುತ್ತದೆ.

ಹಾಗಾದರೆ ದಾರಿ ಹೇಗಿದೆ?

ಭಾರತದಲ್ಲಿ ನ್ಯೂರೋಸೈಕಾಲಜಿಸ್ಟ್ ಎಂಬ ಹೆಸರಿಗೇ ಬೇರೆ ಲೈಸೆನ್ಸ್ ಇಲ್ಲ. ಸಾಮಾನ್ಯವಾಗಿ ಮೊದಲು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕು, ಆಮೇಲೆ ನ್ಯೂರೋ ವಿಭಾಗದಲ್ಲಿ ಕೆಲಸ ಮಾಡಿ, ಸಂಶೋಧನೆ ಮಾಡಿ ಪರಿಣತಿ ಪಡೆಯಬೇಕು. ಮೆಟ್ಟಿಲುಗಳು ಹೀಗಿವೆ.

1. ಪಿಯುಸಿ: ಯಾವ ವಿಭಾಗವಾದರೂ ಸರಿ. ನಮ್ಮ ರಾಜ್ಯದ ಪಿಯುಸಿಯಲ್ಲಿ ಮನಃಶಾಸ್ತ್ರವೇ ಒಂದು ಐಚ್ಛಿಕ ವಿಷಯವಾಗಿದೆ. ಆದರೆ ಎಲ್ಲ ಕಾಲೇಜುಗಳಲ್ಲೂ ಸಿಗುವುದಿಲ್ಲ. ಸಿಗದಿದ್ದರೆ ಚಿಂತೆ ಬೇಡ.

2. ಪದವಿ, 3 ವರ್ಷ: ಮನಃಶಾಸ್ತ್ರ ಒಂದು ವಿಷಯವಾಗಿರುವ ಬಿ.ಎ. ಇದಕ್ಕೆ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು. ಬಿ.ಎಸ್ಸಿ.ಯಲ್ಲೂ ಮನಃಶಾಸ್ತ್ರ ಇರುತ್ತದೆ, ಅದಕ್ಕೆ ಕೆಲವು ಕಾಲೇಜುಗಳು ಪಿಯುಸಿಯಲ್ಲಿ ಸೈನ್ಸ್ ಕೇಳುತ್ತವೆ. ಬಿ.ಎ. ಎಂಬ ಕಾರಣಕ್ಕೆ ಮುಂದಿನ ಮೆಟ್ಟಿಲಲ್ಲಿ ಯಾರೂ ತಡೆಯುವುದಿಲ್ಲ.

3. ಸ್ನಾತಕೋತ್ತರ ಪದವಿ, 2 ವರ್ಷ: ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಬಿ.ಕಾಂ., ಬಿ.ಇ. ಮುಗಿಸಿ ಈಗ ಈ ಕಡೆ ಮನಸ್ಸು ಬಂದವರು ಇಲ್ಲಿ ಎಚ್ಚರ ವಹಿಸಬೇಕು. ಕೆಲವು ವಿಶ್ವವಿದ್ಯಾಲಯಗಳು ಯಾವುದೇ ಪದವೀಧರರನ್ನು ಸೇರಿಸಿಕೊಳ್ಳುತ್ತವೆ, ಕೆಲವು ಪದವಿಯಲ್ಲಿ ಮನಃಶಾಸ್ತ್ರ ಓದಿರಲೇಬೇಕು ಎನ್ನುತ್ತವೆ. ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ.

4. ಆಸ್ಪತ್ರೆಯ ತರಬೇತಿ, 2 ವರ್ಷ: ಇಷ್ಟು ವರ್ಷ ಈ ಮೆಟ್ಟಿಲಿನ ಹೆಸರು ಎಂ.ಫಿಲ್. ಇನ್ ಕ್ಲಿನಿಕಲ್ ಸೈಕಾಲಜಿ. ಪೂರ್ಣಾವಧಿ, ಆಸ್ಪತ್ರೆಯಲ್ಲೇ ಇದ್ದು, ಹಿರಿಯರ ಕಣ್ಗಾವಲಿನಲ್ಲಿ ರೋಗಿಗಳನ್ನು ನೋಡುತ್ತಾ ಕಲಿಯುವ ಕೋರ್ಸ್. ಇದಕ್ಕೆ ಕೇಳುವುದು ಮನಃಶಾಸ್ತ್ರದ ಸ್ನಾತಕೋತ್ತರ ಪದವಿ, ಸಾಮಾನ್ಯವಾಗಿ ಶೇಕಡ 55 ಅಂಕ, ಮತ್ತು ಪ್ರವೇಶ ಪರೀಕ್ಷೆ. ಪಿಯುಸಿಯಲ್ಲಿ ಏನು ಓದಿದ್ದಿರಿ ಎಂಬುದು ಅರ್ಹತೆಯ ಪಟ್ಟಿಯಲ್ಲಿಲ್ಲ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲ ಈ ತರಬೇತಿಗೆ ಹೆಸರಾದ ಜಾಗಗಳು. ನಿಮ್ಹಾನ್ಸ್‌ನ ಹಿಂದಿನ ರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಶುರುವಾಯಿತು. ಈ ಬಗೆಯ ತರಬೇತಿ ನಮ್ಮ ದೇಶದಲ್ಲಿ ಬೇರೂರಿದ್ದೇ ಅಲ್ಲಿ.

5. ನ್ಯೂರೋ ಕಡೆಗೆ ತಿರುಗುವುದು: ಇದಾದ ಮೇಲೆ ನರರೋಗ, ನರಶಸ್ತ್ರಚಿಕಿತ್ಸೆ ಅಥವಾ ಪುನರ್ವಸತಿ ವಿಭಾಗಗಳಲ್ಲಿ ಕೆಲಸ, ನ್ಯೂರೋಸೈಕಾಲಜಿಯಲ್ಲಿ ಪಿಎಚ್‌.ಡಿ.

ಲೆಕ್ಕ ಹಾಕಿದರೆ ಪಿಯುಸಿ ಆದಮೇಲೆ ಕನಿಷ್ಠ 7 ವರ್ಷ, ಪಿಎಚ್‌.ಡಿ. ಸೇರಿಸಿದರೆ 10ಕ್ಕೂ ಹೆಚ್ಚು. ಆರು ತಿಂಗಳ ದಾರಿ ಯಾವುದೂ ಇಲ್ಲ.

ಅಡ್ಡಿ ಇರುವುದು ಪಿಯುಸಿಯಲ್ಲಲ್ಲ, ನಾಲ್ಕನೇ ಮೆಟ್ಟಿಲಲ್ಲಿ

ಇದನ್ನು ಯಾವ ಫಾರ್ವರ್ಡ್ ಕೂಡ ಹೇಳುವುದಿಲ್ಲ. ಬಿ.ಎ., ಎಂ.ಎ. ಸೀಟು ಸಿಗುವುದು ಅಷ್ಟು ಕಷ್ಟವಲ್ಲ. ನಾಲ್ಕನೇ ಮೆಟ್ಟಿಲಲ್ಲಿ ಒಂದೊಂದು ಸಂಸ್ಥೆಯಲ್ಲೂ ಇರುವುದು ಬೆರಳೆಣಿಕೆಯ ಸೀಟುಗಳು, ಪರೀಕ್ಷೆ ಬರೆಯುವವರು ದೇಶದ ಎಲ್ಲ ಕಡೆಯಿಂದ ಬರುತ್ತಾರೆ. ಸರ್ಕಾರಿ ಸಂಸ್ಥೆಯ ಶುಲ್ಕಕ್ಕೂ ಖಾಸಗಿ ಸಂಸ್ಥೆಯ ಶುಲ್ಕಕ್ಕೂ ಅಜಗಜಾಂತರ. ಮೊದಲ ಸಲ ಸೀಟು ಸಿಗದೆ ಎರಡನೇ, ಮೂರನೇ ಸಲ ಬರೆಯುವವರು ಬೇಕಾದಷ್ಟು ಜನ. ಈ ದಾರಿ ಹಿಡಿಯುವ ಮೊದಲು ಮನೆಯಲ್ಲಿ ಕೂತು ಮಾತಾಡಬೇಕಾದ ವಿಷಯ ಇದು.

ಇನ್ನೊಂದು ಬದಲಾವಣೆಯೂ ನಡೆಯುತ್ತಿದೆ. ಯುಜಿಸಿ 2022ರ ನಿಯಮಗಳಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಆಸ್ಪತ್ರೆಗಳಿಗೆ ತಜ್ಞರ ಕೊರತೆಯಾಗಬಾರದೆಂದು ಕ್ಲಿನಿಕಲ್ ಸೈಕಾಲಜಿಗೆ 2025-26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತು. ಅದರ ಜಾಗಕ್ಕೆಂದು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಎಂ.ಎ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. ಮುಂತಾದ ಕೋರ್ಸ್‌ಗಳನ್ನು ರೂಪಿಸಿದೆ. ಹಾಗಾಗಿ ಐದು ವರ್ಷ ಹಿಂದೆ ಓದಿದ ಅಣ್ಣನೋ ಅಕ್ಕನೋ ಹೇಳಿದ ದಾರಿ ನಿಮ್ಮ ಸರದಿ ಬರುವಾಗ ಹಾಗೇ ಇರಲಿಕ್ಕಿಲ್ಲ. ನೀವು ಅರ್ಜಿ ಹಾಕುವ ವರ್ಷದ ನಿಯಮವನ್ನು ಆರ್‌ಸಿಐ ವೆಬ್‌ಸೈಟ್‌ನಲ್ಲೇ ನೋಡಿ.

ಆರ್‌ಸಿಐ ನೋಂದಣಿ ಯಾಕಿಷ್ಟು ಮುಖ್ಯ?

ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂಬುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ: ಆರ್‌ಸಿಐ ಮಾನ್ಯತೆಯ ಸಂಸ್ಥೆಯಿಂದ ಪಡೆದ ಅರ್ಹತೆ, ಅಥವಾ ಮನಃಶಾಸ್ತ್ರದ ಸ್ನಾತಕೋತ್ತರ ಪದವಿಯ ಜೊತೆಗೆ ಎರಡು ವರ್ಷದ ಪೂರ್ಣಾವಧಿ, ಮೇಲ್ವಿಚಾರಣೆಯ ತರಬೇತಿ ಇರುವ ಎಂ.ಫಿಲ್. ಆರ್‌ಸಿಐ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ₹1,000ದವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದು.

ಕಾನೂನಿನ ಮಾತು ಹಾಗಿರಲಿ, ರೋಗಿಯ ಕಡೆಯಿಂದ ಯೋಚಿಸಿ. ಮರೆವು ಹೆಚ್ಚಾದ 60 ವರ್ಷದ ಅಮ್ಮನನ್ನು ಯಾರೋ ಸರ್ಟಿಫಿಕೇಟ್ ತಜ್ಞರ ಬಳಿ ಕರೆದೊಯ್ದಿರಿ. ಅವರು ನೆಟ್‌ನಿಂದ ಇಳಿಸಿಕೊಂಡ ಪರೀಕ್ಷೆ ಮಾಡಿ ಮರೆಗುಳಿತನ ಎಂದುಬಿಟ್ಟರು. ನಿಜಕ್ಕೂ ಇದ್ದದ್ದು ಖಿನ್ನತೆ, ಥೈರಾಯ್ಡ್ ಅಥವಾ ಬಿ12 ಕೊರತೆ ಆಗಿರಬಹುದು. ಇವೆಲ್ಲ ಮರೆವು ತರುತ್ತವೆ, ಇವಕ್ಕೆಲ್ಲ ಚಿಕಿತ್ಸೆ ಇದೆ. ತಪ್ಪು ಹೆಸರು ಅಂಟಿಸಿದ ಮೇಲೆ ಆ ಚಿಕಿತ್ಸೆ ತಡವಾಗುತ್ತದೆ.

ಮನೆಯಲ್ಲೇ ಕೂತು ಸೈಕಾಲಜಿ ಪದವಿ ಎಂಬ ಜಾಹೀರಾತುಗಳ ಬಗ್ಗೆಯೂ ಎಚ್ಚರ. ಮನಃಶಾಸ್ತ್ರವನ್ನು ದೂರಶಿಕ್ಷಣ, ಆನ್‌ಲೈನ್ ವಿಧಾನಗಳಲ್ಲಿ ಹೊಸದಾಗಿ ಕಲಿಸಬಾರದು ಎಂದು ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ನಿರ್ಬಂಧ ಹಾಕಿದೆ. ಕುತೂಹಲಕ್ಕಾಗಿ ಆನ್‌ಲೈನ್‌ನಲ್ಲಿ ಏನು ಬೇಕಾದರೂ ಕಲಿಯಿರಿ, ಅದು ಒಳ್ಳೆಯದೇ. ಆದರೆ ಅದು ರೋಗಿಗಳನ್ನು ನೋಡುವ ಪರವಾನಗಿಯಲ್ಲ.

ಹಾಗಾದರೆ ವಿಜ್ಞಾನ ಎಷ್ಟು ಬೇಕು?

ಮೊದಲ ಫಾರ್ವರ್ಡ್‌ನಲ್ಲಿ ಒಂದು ಎಳೆ ಸತ್ಯವಿದೆ. ಎಂ.ಫಿಲ್. ಪಠ್ಯದಲ್ಲಿ ‘ವರ್ತನೆಯ ಜೈವಿಕ ತಳಹದಿ’ ಎಂಬ ಇಡೀ ಪತ್ರಿಕೆಯೇ ಇದೆ. ಮೆದುಳಿನ ರಚನೆ, ನರಕೋಶಗಳು ಸಂದೇಶ ಕಳಿಸುವ ಬಗೆ, ನರರಾಸಾಯನಿಕಗಳು, ಯಾವ ಭಾಗಕ್ಕೆ ಪೆಟ್ಟಾದರೆ ಏನಾಗುತ್ತದೆ ಎಲ್ಲವನ್ನೂ ಓದಬೇಕು. ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ಮನೋವೈದ್ಯಶಾಸ್ತ್ರಗಳೂ ಇವೆ. ಆರ್ಟ್ಸ್‌ನಿಂದ ಬಂದವರಿಗೆ ರಿಯಾಯಿತಿ ಇಲ್ಲ.

ಆದರೆ ಇವೆಲ್ಲ ಕಲಿಯಲಾಗದ ವಿದ್ಯೆಯೇನಲ್ಲ. ಹತ್ತನೇ ತರಗತಿವರೆಗೆ ಎಲ್ಲರೂ ವಿಜ್ಞಾನ ಓದಿರುತ್ತೇವೆ. ಅಲ್ಲಿನ ನರಮಂಡಲದ ಪಾಠವನ್ನು ಮತ್ತೆ ತೆಗೆಯಿರಿ. ಆಮೇಲೆ ಪಿಯುಸಿ ಜೀವಶಾಸ್ತ್ರದ ನರಮಂಡಲ, ಹಾರ್ಮೋನು, ಅನುವಂಶೀಯತೆಯ ಪಾಠಗಳು. ಇಡೀ ಪಿಸಿಎಂಬಿ ಬೇಕಿಲ್ಲ. ಬಿ.ಎ.ಯ ಮೂರು ವರ್ಷಗಳಲ್ಲಿ ದಿನಕ್ಕೆ ಅರ್ಧ ಗಂಟೆ ಕೊಟ್ಟರೂ ಈ ಅಂತರ ತುಂಬುತ್ತದೆ.

ಜೀವಶಾಸ್ತ್ರಕ್ಕಿಂತ ಹೆಚ್ಚು ಜನ ಎಡವುವುದು ಸಂಖ್ಯಾಶಾಸ್ತ್ರದಲ್ಲಿ. ಯಾಕೆ ಬೇಕು ಅಂತೀರಾ? ಒಂದು ನೆನಪಿನ ಪರೀಕ್ಷೆಯಲ್ಲಿ ಒಬ್ಬರಿಗೆ 12 ಅಂಕ ಬಂತು ಎನ್ನಿ. ಇದು ಕಡಿಮೆಯೋ ಸರಿಯೋ? ಬರೀ 12 ಎಂದರೆ ಏನೂ ಗೊತ್ತಾಗುವುದಿಲ್ಲ. ಅದೇ ವಯಸ್ಸಿನ, ಅಷ್ಟೇ ಓದಿರುವ ಆರೋಗ್ಯವಂತರ ಸರಾಸರಿ 20, ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಚದುರುವ ಪ್ರಮಾಣ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 4 ಎಂದಿದ್ದರೆ, 12 ಎಂಬುದು ಅಂಥ ಎರಡು ಹೆಜ್ಜೆ ಕೆಳಗೆ. ಆರೋಗ್ಯವಂತರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಮಾತ್ರ ಇಷ್ಟು ಕಡಿಮೆ ಬರುತ್ತದೆ. ಹಾಗಾಗಿ ಗಮನಿಸಬೇಕಾದ ವಿಷಯ. ಆದರೆ ಹೋಲಿಸಿದ ಗುಂಪೇ ತಪ್ಪಾಗಿದ್ದರೆ ತೀರ್ಮಾನವೂ ತಪ್ಪು. ಶಾಲೆಗೇ ಹೋಗದ ಅಜ್ಜಿಯ ಅಂಕವನ್ನು ಕಾಲೇಜು ಓದಿದವರ ಸರಾಸರಿಗೆ ಹೋಲಿಸಿದರೆ ಆರೋಗ್ಯವಾಗಿರುವ ಅಜ್ಜಿಗೂ ಕಾಯಿಲೆಯ ಹೆಸರು ಅಂಟುತ್ತದೆ.

ಇದೇ ಕಾರಣಕ್ಕೆ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್, ಡಿ.ಕೆ. ಸುಬ್ಬಕೃಷ್ಣ, ಕೆ. ಗೋಪುಕುಮಾರ್ 2004ರಲ್ಲಿ ಪ್ರಕಟಿಸಿದ ನ್ಯೂರೋಸೈಕಾಲಜಿ ಪರೀಕ್ಷಾ ಸರಣಿ ಮುಖ್ಯವಾಗುತ್ತದೆ. ಅದರಲ್ಲಿ ವಯಸ್ಸು, ಲಿಂಗ, ಓದಿನ ಮಟ್ಟಕ್ಕೆ ತಕ್ಕಂತೆ ಬೇರೆ ಬೇರೆ ಅಳತೆಗೋಲುಗಳಿವೆ. ಓದುಬರಹ ಬಾರದವರಿಗೂ ಅಳತೆಗೋಲು ಇದೆ.

ಆರ್ಟ್ಸ್ ಓದಿದವರು ತರುವ ಬಂಡವಾಳ

ಈ ಕ್ಷೇತ್ರಕ್ಕೆ ಭಾಷೆ ಬಲ್ಲವರು, ಜನರ ಬದುಕು ಬಲ್ಲವರು ಬೇಕೇ ಬೇಕು. ಇಂಗ್ಲಿಷ್‌ನಲ್ಲಿ ಎಫ್, ಎ, ಎಸ್ ಅಕ್ಷರಗಳಿಂದ ಶುರುವಾಗುವ ಪದಗಳನ್ನು ಹೇಳಿ ಎಂಬ ಹೆಸರಾಂತ ಪರೀಕ್ಷೆಯಿದೆ. ಅದನ್ನು ಹಾಗೇ ಕನ್ನಡಕ್ಕೆ ತರಲಾಗದು. ನಮ್ಮಲ್ಲಿ ‘ಕ’ ಎಂದರೆ ಕಾಗುಣಿತವೆಲ್ಲ ಬರಬೇಕೋ ಬರೀ ‘ಕ’ ಸಾಕೋ, ‘ಖ’ ಬಂದರೆ ಲೆಕ್ಕಕ್ಕೆ ಹಿಡಿಯಬೇಕೋ ಎಂದು ಯೋಚಿಸಬೇಕು. ಪೆನ್ಸಿಲ್ ಹಿಡಿದೇ ಇಲ್ಲದವರಿಗೆ ಚಿತ್ರ ನೋಡಿ ಬಿಡಿಸಿ ಎಂದರೆ ಪರೀಕ್ಷೆಯಾಗುವುದು ಅವರ ಮೆದುಳಲ್ಲ, ಶಾಲೆಯ ಅಭ್ಯಾಸ. ಕಲಬುರಗಿಯ ರೈತರೊಬ್ಬರು ತಮ್ಮ ಕಷ್ಟವನ್ನು ಹೇಳುವ ಮಾತು ಬೇರೆ, ಮಂಗಳೂರಿನ ಬ್ಯಾಂಕ್ ನಿವೃತ್ತರು ಹೇಳುವ ಮಾತು ಬೇರೆ. ಎರಡನ್ನೂ ಸರಿಯಾಗಿ ಕೇಳಿಸಿಕೊಳ್ಳುವ ಕಿವಿ ಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮರೆಗುಳಿತನ ಪತ್ತೆಗಾಗಿ ಪರೀಕ್ಷೆಗಳ ಒಂದು ಗಂಟನ್ನೇ ಐದು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದೆ. ಅವುಗಳಲ್ಲಿ ಕನ್ನಡವೂ ಒಂದು. ಇಂಥ ಕೆಲಸ ಬರೀ ಪಿಸಿಎಂಬಿ ಅಂಕಗಳಿಂದ ಆಗುವುದಿಲ್ಲ.

ಇತಿಹಾಸದಲ್ಲೂ ಉದಾಹರಣೆ ಇದೆ. ಈ ಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬರಾದ ರಷ್ಯಾದ ಅಲೆಕ್ಸಾಂಡರ್ ಲೂರಿಯಾ 1921ರಲ್ಲಿ ಕಜಾನ್ ವಿಶ್ವವಿದ್ಯಾಲಯದಿಂದ ಮೊದಲು ಪಡೆದ ಪದವಿ ಸಮಾಜವಿಜ್ಞಾನಗಳದ್ದು. ಮುಂದೆ ವೈದ್ಯಕೀಯವನ್ನೂ ಓದಿದರು. ಎರಡನೇ ಮಹಾಯುದ್ಧದಲ್ಲಿ ತಲೆಗೆ ಗಾಯವಾದ ಸೈನಿಕರಿಗೆ ಮತ್ತೆ ಓದಲು, ಮಾತಾಡಲು, ಬದುಕಲು ಕಲಿಸುವ ಕೆಲಸ ಮಾಡಿದರು. ಅವರು ವಿಜ್ಞಾನವನ್ನು ಬಿಡಲಿಲ್ಲ, ಆಮೇಲೆ ಕಲಿತರು.

ನಮ್ಮ ಮೈಸೂರಿನಲ್ಲೂ ವಿಜ್ಞಾನ ಬೇರೆ, ಆರ್ಟ್ಸ್ ಬೇರೆ ಎಂಬ ಗೋಡೆ ಅಷ್ಟು ಗಟ್ಟಿಯಾಗಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ರೇಡಿಯೋ ಕೇಂದ್ರವನ್ನೂ ಆರಂಭಿಸಿದವರು.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಆಗುತ್ತದಾ?
ಆಗುತ್ತದೆ. ಆದರೆ ಸ್ನಾತಕೋತ್ತರ ಮಟ್ಟದ ಪುಸ್ತಕಗಳು, ಪ್ರವೇಶ ಪರೀಕ್ಷೆ, ಪ್ರಬಂಧ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತವೆ. ಬಿ.ಎ. ಮೊದಲ ವರ್ಷದಿಂದಲೇ ಇಂಗ್ಲಿಷ್ ಪಠ್ಯ ಓದುವ ಅಭ್ಯಾಸ ಮಾಡಿಕೊಳ್ಳಿ. ಆಸ್ಪತ್ರೆಗೆ ಬಂದಮೇಲೆ ನಿಮ್ಮ ಕನ್ನಡವೇ ಕೈಹಿಡಿಯುತ್ತದೆ.

ನ್ಯೂರೋಸೈನ್ಸ್ ಅಥವಾ ಕಾಗ್ನಿಟಿವ್ ಸೈನ್ಸ್ ಎಂ.ಎಸ್ಸಿ. ಮಾಡಿದರೆ?
ಸಂಶೋಧನೆಗೆ ಅದು ಒಳ್ಳೆಯ ದಾರಿ. ಆದರೆ ಆ ಪದವಿಯೊಂದರಿಂದಲೇ ಆರ್‌ಸಿಐ ನೋಂದಣಿ ಸಿಗುವುದಿಲ್ಲ, ರೋಗಿಗಳನ್ನು ನೋಡುವ ಹಕ್ಕೂ ಬರುವುದಿಲ್ಲ.

ನನಗೆ 30 ದಾಟಿದೆ, ತಡವಾಯಿತಾ?
ಓದಿನ ದೃಷ್ಟಿಯಿಂದ ತಡವಲ್ಲ. ಆದರೆ ನಾಲ್ಕೈದು ವರ್ಷದ ಪೂರ್ಣಾವಧಿ ಓದು, ಸಂಪಾದನೆ ಇಲ್ಲದ ತಿಂಗಳುಗಳು, ಮನೆಯ ಜವಾಬ್ದಾರಿ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ.

ನ್ಯೂರೋಸೈಕಾಲಜಿಸ್ಟ್ ಹೆಸರಿನ ಮುಂದೆ ಡಾ. ಇರುತ್ತದಲ್ಲ?
ಪಿಎಚ್‌.ಡಿ. ಅಥವಾ ಸೈ.ಡಿ. ಮಾಡಿದ್ದರೆ ಇರುತ್ತದೆ. ಅದು ವೈದ್ಯರ ಡಾ. ಅಲ್ಲ. ಮಾತ್ರೆ ಬರೆದುಕೊಟ್ಟರೆ ಸಂಶಯಪಡಿ.

ಫಾರ್ವರ್ಡ್ ಮಾಡುವ ಮುನ್ನ

ಪಿಯುಸಿಯಲ್ಲಿ ಸೈನ್ಸ್ ಇಲ್ಲದಿದ್ದರೆ ಮೆದುಳಿಗೆ ಸಂಬಂಧಿಸಿದ ಯಾವ ಕೆಲಸವೂ ಇಲ್ಲ: ತಪ್ಪು. ವೈದ್ಯರಾಗಲು ಬೇಕು, ನ್ಯೂರೋಸೈಕಾಲಜಿಸ್ಟ್ ಆಗಲು ಬೇಡ.

ಆರು ತಿಂಗಳ ಆನ್‌ಲೈನ್ ಕೋರ್ಸ್ ಸಾಕು: ತಪ್ಪು. ಪಿಯುಸಿ ಆದಮೇಲೆ ಕನಿಷ್ಠ 7 ವರ್ಷ ಮತ್ತು ಆರ್‌ಸಿಐ ಮಾನ್ಯತೆಯ ತರಬೇತಿ ಬೇಕು.

ವಿಜ್ಞಾನವೇ ಬೇಡ: ತಪ್ಪು. ಜೀವಶಾಸ್ತ್ರ, ಸಂಖ್ಯಾಶಾಸ್ತ್ರ ಎರಡನ್ನೂ ಮುಂದೆ ಕಲಿಯಲೇಬೇಕು.

ನಿಮ್ಮ ಗ್ರೂಪ್‌ನಲ್ಲಿ ಆರ್ಟ್ಸ್ ತೆಗೆದುಕೊಂಡು ಬೈಸಿಕೊಳ್ಳುತ್ತಿರುವ ಮಗಳೋ ತಮ್ಮನೋ ಇದ್ದರೆ ಇದನ್ನು ಅವರಿಗೂ, ಬೈಯುತ್ತಿರುವವರಿಗೂ ಕಳಿಸಿ. ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಲು ಹೇಳಿ: ಇದಕ್ಕೆ ಆರ್‌ಸಿಐ ಮಾನ್ಯತೆ ಇದೆಯಾ? ಉತ್ತರ ನೇರವಾಗಿ ಬರದೆ ಸುತ್ತಿಬಳಸಿ ಬಂದರೆ ಫೋನ್ ಇಟ್ಟುಬಿಡಿ.